ವಿಳಾಸದ ಮೊದಲ ಸಾಲು

ಎಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಒಂದು ಜವಳಿ ಅಂಗಡಿಗೆ ಕಂಪ್ಯೂಟರ್ ಬಂತು. ಅದನ್ನು ನಡೆಸಲು ಹರಿಹರದಿಂದ ದಿನಾ ಬಸ್ಸಿನಲ್ಲಿ ನಾನು ಬರುತ್ತಿದ್ದೆ. ಗಿರಾಕಿಗಳ ಡೇಟಾಬೇಸ್ ಕಟ್ಟಿದ್ದು ನಾನೇ. ಆದರೆ ಅದರ ರಿಪೋರ್ಟ್ ಹೆಸರು, ಬೀದಿ, ಊರನ್ನೆಲ್ಲ ಅಡ್ಡಡ್ಡ ಒಂದೇ ಸಾಲಿನಲ್ಲಿ ಮುದ್ರಿಸುತ್ತಿತ್ತು. ಲಕೋಟೆಗೆ ಅಂಟಿಸಲು ಅವು ಒಂದರ ಕೆಳಗೊಂದು ಬರಬೇಕು. ಎಲ್ಲವನ್ನೂ ಒಂದೇ ಕಾಲಂಗೆ ಸೇರಿಸಿ ನಡುನಡುವೆ ಸೆಮಿಕೋಲನ್ ಇಟ್ಟರೆ, ಅಲ್ಲಲ್ಲಿಗೇ ಸಾಲು ಮುರಿಯುತ್ತದೆಂದು ತಡಕಾಡಿ ಕಂಡುಕೊಂಡೆ. ನಂದಿಗುಡಿ, ಬಾತಿಯಂಥ ಹಳ್ಳಿಯವರಿಗೆ ಬೀದಿಯ ಹೆಸರೇ ಇಲ್ಲ. ಅವರ ವಿಳಾಸದ ನಡುವೆ ಒಂದು ಸಾಲು ಖಾಲಿ ಬೀಳುತ್ತಿತ್ತು. ಖಾಲಿಯಿದ್ದರೆ ಬಿಟ್ಟುಬಿಡು ಎಂಬ ಷರತ್ತನ್ನೂ ಅದರೊಳಗೇ ತುರುಕಿದೆ. ಊರಿನಲ್ಲಿ ಇದು ಗೊತ್ತಿರುವವನು ನಾನೊಬ್ಬನೇ ಎಂಬ ಜಂಬ ನನಗಿತ್ತು. ಈಗಲೂ ಇದೆ.

ಅಂಗಡಿಯ ಸಾವ್ಕಾರರ ಮಗಳ ಲಗ್ನಪತ್ರಿಕೆಗೆ ವಿಳಾಸ ತೆಗೆಯುವಾಗ, ಹಳೇ ಗಿರಾಕಿಯಾಗಿದ್ದ ನಮ್ಮಪ್ಪನ ಹೆಸರೂ ಬಂತು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಯಜಮಾನ ಹೋದರೂ ಪತ್ರಿಕೆ ಅವನ ಹೆಸರಿಗೇ ಬರುವುದು ನಮ್ಮ ಕಡೆಯ ರೂಢಿ. ಅವ್ವ ಅಂಥದ್ದನ್ನು ಗೂಡಿನಲ್ಲಿಟ್ಟು, "ಅವರನ್ನ ಕರದಾರ. ನಾ ಯಾಕ ಹೋಗ್ಲಿ?" ಎನ್ನುತ್ತಿದ್ದಳು. ಮದುವೆಮನೆಯೆಂದರೆ ಜೀವ ಬಿಡುತ್ತಿದ್ದವಳು ಅಪ್ಪ ಹೋದಮೇಲೆ ಒಂದಕ್ಕೂ ಹೋಗಿರಲಿಲ್ಲ. ವಿಳಾಸದ ಆ ಮೊದಲ ಸಾಲು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ತೀರಿಹೋದವರ ಬದಲು ಮನೆ ಹೆಣ್ಮಕ್ಕಳ ಹೆಸರು ಹಾಕ್ತೀನ್ರಿ," ಎಂದೆ ಸಾವ್ಕಾರರಿಗೆ.

"ಬ್ಯಾಡಪ್ಪ. ಹಂಗೆ ಯಾರೂ ಮಾಡಿಲ್ಲ."

"ಮದುವಿಗೆ ಬರೋರು ಯಾರ್ರಿ? ಅವರೇ ಅಲ್ಲೇನ್ರಿ?"

ಪಕ್ಕದಲ್ಲಿ ಕೂತಿದ್ದ ಸಾವ್ಕಾರರ ಹೆಂಡತಿ, "ಹಾಕಪ್ಪ, ನಾ ಹೇಳ್ತೀನಿ," ಎಂದು ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದರು. ನಾನು ತೀರಿಹೋದವರ ಹೆಸರು ಅಳಿಸಿ, ಬೀದಿಗೆ ಹಾಕಿದಂಥದೇ ಷರತ್ತನ್ನು ಹೆಸರಿಗೂ ಹಾಕಿದೆ: ಯಜಮಾನರ ಜಾಗ ಖಾಲಿಯಿದ್ದರೆ ಯಜಮಾನಿಯ ಹೆಸರು ಬರಲಿ. ಅಪ್ಪನ ಹೆಸರು ಬಂದಾಗ ಅಳಿಸಲು ಮನಸ್ಸಾಗಲಿಲ್ಲ. ಆದರೂ ಅಳಿಸಿದೆ.

ಕೆಲವು ದಿನಗಳ ಮೇಲೆ ಸಂಜೆ ಮನೆಗೆ ಬಂದರೆ ಅವ್ವ ಲಕೋಟೆ ಹಿಡಿದು ಬಾಗಿಲಲ್ಲೇ ಕೂತಿದ್ದಳು. ಒಡೆದಿರಲಿಲ್ಲ. ಮೇಲಿನ ಇಂಗ್ಲಿಷ್ ಅಕ್ಷರ ತೋರಿಸಿ, "ಪೋಸ್ಟಿನವ ನಂದೇ ಹೆಸರು ಐತೆ ಅಂದ. ಹೌದೇನೋ?" ಎಂದಳು.

"ಹೌದವ್ವ, ನಿಂದೇ."

ಒಳಗೆ ಹೋಗಿ ಟ್ರಂಕು ತೆಗೆದು ರೇಷ್ಮೆ ಸೀರೆ ಕೊಡವಿದಳು. ಆಮೇಲೆ ಅಲ್ಲಿಂದಲೇ ಕೇಳಿದಳು, "ದಾವಣಗೆರೆಗೆ ಬೆಳಿಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೈತೆ?"