ಮಿಡಿಮಾವಿನ ಕಟ್ಟೆ

ಪಟ್ಟಣದ ದುರ್ಗಿಗುಡಿಯ ನಮ್ಮ ಬಾಡಿಗೆ ಮನೆಯಲ್ಲಿ ತುಳಸಿ ಕುಂಡವೊಂದನ್ನು ಬಿಟ್ಟರೆ ಬೇರೆ ಹಸಿರೇ ಇರಲಿಲ್ಲ. ಅದಕ್ಕೂ ಅಪ್ಪ ಪ್ರೀತಿ ಹೆಚ್ಚಾಗಿ ಕೊಡಗಟ್ಟಲೆ ನೀರು ಸುರಿದು ಬೇರು ಕೊಳೆಸಿದ್ದ. ಇಂಥವನು ಭದ್ರಾವತಿಯ ಕಬ್ಬಿಣದ ಕುಲುಮೆಯ ಕೆಲಸ ಬಿಟ್ಟು ಮಾಚೇನಹಳ್ಳಿಯ ಆಚೆ ತೋಟ ಕೊಳ್ಳುತ್ತೇನೆ ಎಂದಾಗ ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ನಾನು ಊಟ ಬಿಟ್ಟೆ. ಎರಡರಿಂದಲೂ ಏನೂ ಆಗಲಿಲ್ಲ. ಬೆಂಕಿಯ ಮುಂದೆ ನಿಂತು ನಿಂತು ಅಪ್ಪನ ಕಣ್ಣು ಸದಾ ಕೆಂಪಗಿರುತ್ತಿತ್ತು. ಉಳಿದ ಆಯುಷ್ಯವನ್ನಾದರೂ ನೆರಳಲ್ಲಿ ಕಳೆಯಬೇಕು ಎಂಬುದು ಅವನ ಹಟ.

ಆದರೆ ನೆರಳು ಎನ್ನುವಂಥದ್ದು ಆ ತೋಟದಲ್ಲಿ ಇದ್ದದ್ದು ಒಂದೇ ಮರದ ಕೆಳಗೆ. ಅರ್ಧ ಜಮೀನಿನ ಮೇಲ್ಮಣ್ಣನ್ನು ಇಟ್ಟಿಗೆ ಸುಡುವವರು ಎಂದೋ ಕೆರೆದುಕೊಂಡು ಹೋಗಿದ್ದರು. ಉಳಿದರ್ಧದಲ್ಲಿ ಸೀಬೆ, ಚಿಕ್ಕು, ನಿಂಬೆ ಗಿಡಗಳು ಬದುಕಿದ್ದೇವೆ ಎನ್ನಲು ನಾಚುವ ಹಾಗೆ ನಿಂತಿದ್ದವು. ಬಾವಿಯ ಪಕ್ಕದ ಮಾವಿನ ಮರ ಮಾತ್ರ ತೋಟಕ್ಕೆಲ್ಲ ಯಜಮಾನನಂತಿತ್ತು. ಅದು ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿಯ ಮರ. ಎಳೆಗಾಯಿಯ ತೊಟ್ಟು ಮುರಿದರೆ ಜೀರಿಗೆ ಹುರಿದ ವಾಸನೆ ಬರುತ್ತಿತ್ತು.

ತೋಟ ಮಾರಿದವರು ಒಬ್ಬ ಅಜ್ಜಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಲಾರದೆ ಭದ್ರಾವತಿಯಲ್ಲಿದ್ದ ತಂಗಿಯ ಮಗಳ ಮನೆಗೆ ಹೊರಟಿದ್ದರು. ಅವರ ತವರು ಶರಾವತಿಯ ದಂಡೆಯ ಒಂದು ಹಳ್ಳಿ. ಮದುವೆಯಾದ ವರ್ಷ ಗಂಡ ಅಲ್ಲಿನ ಹೊಳೆಯಂಚಿನ ಮರದ ಸಸಿಯೊಂದನ್ನು ತಂದು ಇಲ್ಲಿ ನೆಟ್ಟಿದ್ದರಂತೆ. ಈಗ ಅಣೆಕಟ್ಟಿನ ನೀರು ನಿಂತು ಆ ಹಳ್ಳಿ ಮುಳುಗಿತ್ತು, ತಾಯಿಮರವೂ ಮುಳುಗಿತ್ತು.

"ಬೇರೆ ಏನ್ ಮಾಡ್ತೀರೋ ನಿಮ್ಮಿಷ್ಟ," ಎಂದರು ಅಜ್ಜಿ, ಅಪ್ಪನಿಗೆ. "ಈ ಮರ ಒಂದನ್ನ ಚೆನ್ನಾಗಿ ನೋಡ್ಕಳಿ. ನಮ್ಮೂರಿಂದು ಅಂತ ಉಳಿದಿರೋದು ಇದೊಂದೇ. ಮಿಡಿ ಕಾಲಕ್ಕೆ ಬರ್ತೀನಿ, ಒಂದ್ ಬುಟ್ಟಿ ಕೊಟ್ರೆ ಸಾಕು."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಅಮ್ಮ," ಎಂದ ಅಪ್ಪ. ಕೊಟ್ಟ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ ಅವನು. ಅದೇ ಮುಳುವಾಯಿತು.

ನಾವು ತೋಟದ ಮನೆಗೆ ಬಂದಿಳಿದದ್ದೇ ಬೋಳು ನೆಲಕ್ಕೆ ಜೀವ ತುಂಬುವ ಕೆಲಸ ಶುರುವಾಯಿತು. ಹುರುಳಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಅದನ್ನು ಮಣ್ಣಿಗೇ ಸೇರಿಸಿ ಉಳುವುದು, ಹೊಂಗೆ ಸೊಪ್ಪು ಕಡಿದು ತಂದು ಹಾಸುವುದು, ಸಗಣಿ ಹೊರುವುದು. ಸಗಣಿ ಹೊರುವವಳು ನಾನು; ನನ್ನ ಗೆಳತಿಯರೆಲ್ಲ ದುರ್ಗಿಗುಡಿಯಲ್ಲಿ ಕೈಗೆ ಮದರಂಗಿ ಹಚ್ಚಿಕೊಂಡು ಕೂತಿದ್ದರು. ಅಮ್ಮ ಪಟ್ಟಣದ ಅಭ್ಯಾಸದಂತೆ ತರಗೆಲೆ ಗುಡಿಸಿ ಬೆಂಕಿ ಹಚ್ಚಲು ಹೋದರೆ ಅಪ್ಪ ಓಡಿ ಬರುತ್ತಿದ್ದ. "ಬೆಂಕಿ ನೋಡಿ ನೋಡಿ ಸಾಕಾಗಿದೆ ಮಾರಾಯ್ತಿ. ಇಲ್ಲಿ ಒಂದೆಲೇನೂ ಸುಡಬೇಡ."

ಮೊದಲ ಬೇಸಿಗೆಗೆ ಅಜ್ಜಿ ಭರಣಿ ಹಿಡಿದು ಬಸ್ಸಿಳಿದು ಬಂದರು. ಮಿಡಿ ಕೊಯ್ದು ಮುಗಿಯುವವರೆಗೂ ಕಾಂಡಕ್ಕೆ ಒರಗಿ ನಿಂತೇ ಇದ್ದರು. ಮಂಡಿನೋವು, ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಅಪ್ಪ ಅದನ್ನು ನೋಡಿದ. ಅವರು ಹೋದ ಮೇಲೆ, "ಮರದ ಸುತ್ತ ಒಂದು ಕಟ್ಟೆ ಕಟ್ಟಿಸ್ತೀನಿ. ಬರೋ ವರ್ಷ ಕೂತ್ಕೊಳ್ಳಲಿ," ಎಂದ. ಅಮ್ಮನಿಗೂ ಸರಿಯೆನಿಸಿತು. ಊರೂರಿನ ಅರಳಿಮರಕ್ಕೆಲ್ಲ ಕಟ್ಟೆಯಿರುವಾಗ ನಮ್ಮ ಮಾವಿಗೇಕೆ ಬೇಡ?

ಕೆರೆ ಒಣಗಿತ್ತು. ಬೋಳು ನೆಲಕ್ಕೆ ಹಾಕಲೆಂದು ಎಲ್ಲರೂ ಗಾಡಿಯಲ್ಲಿ ಕೆರೆಯ ಗೋಡುಮಣ್ಣು ಹೊಡೆಸುತ್ತಿದ್ದರು, ನಾವೂ ಹೊಡೆಸಿದೆವು. ಅದರಲ್ಲಿ ಅತಿ ಕಪ್ಪಗಿದ್ದ, ಅತಿ ಜಿಗುಟಾಗಿದ್ದ ಮಣ್ಣನ್ನು ಅಪ್ಪ ಮಾವಿಗೆಂದು ಬೇರೆ ಇಡಿಸಿದ. ಸುತ್ತ ಕಲ್ಲು ಕಟ್ಟಿ, ಸಿಮೆಂಟು ಮೆತ್ತಿ, ಒಳಗೆ ಆ ಮಣ್ಣನ್ನು ಕಾಂಡಕ್ಕೆ ಒತ್ತಿ ಒತ್ತಿ ಕೂರುವೆತ್ತರಕ್ಕೆ ತುಂಬಿಸಿದ. ಎಲ್ಲ ಗಿಡಕ್ಕೂ ಒಳ್ಳೆಯದಾದದ್ದು ಈ ಮರಕ್ಕೆ ಇನ್ನೂ ಒಳ್ಳೆಯದೇ ಆಗಬೇಕಲ್ಲ!

ಮರುವರ್ಷ ಎಲೆ ಕಾಣದ ಹಾಗೆ ಹೂ ಬಿಟ್ಟಿತು. ಅಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ಎರಡು ಭರಣಿ ತನ್ನಿ ಎಂದು ಅಜ್ಜಿಗೆ ಹೇಳಿಕಳಿಸಿದ. ಬಂದ ಅಜ್ಜಿ ಕಟ್ಟೆಯನ್ನು ಕೈಯಿಂದ ಸವರಿದರು.

"ನಂಗೋಸ್ಕರ ಕಟ್ಟಿಸಿದ್ರಾ?"

ಅಪ್ಪ ಮದುಮಗನಂತೆ ನಾಚಿದ. ಅಜ್ಜಿ ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಊಟ ಮಾಡಿದರು, ತವರಿನ ಹೊಳೆಯ ಮಾತಾಡಿದರು. ಅಪ್ಪ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಉಸಿರು ಕಟ್ಟಿದ ಮರ ಸಾಯುವ ಮೊದಲು ಹೀಗೆ ಮೈತುಂಬ ಹೂ ಬಿಡುವುದುಂಟು; ಆ ಹೂವು ಮರದ ಸಂಕಟ ಎಂದು ನಮಗೆ ತಿಳಿಯಲಿಲ್ಲ. ಮತ್ತೆ ಮಳೆ ಹಿಡಿಯಿತು. ಕಟ್ಟೆಯೊಳಗೆ ನೀರು ನಿಂತಿತು. ತುದಿಯ ರೆಂಬೆಗಳು ಮೊದಲು ಒಣಗಿದವು. ಮಳೆಗಾಲದಲ್ಲಿ ಮಾವು ಒಣಗುವುದುಂಟೇ ಎಂದು ಅಮ್ಮ ಗಾಬರಿಯಾದಳು. ಗೊಬ್ಬರ ಸಾಲದು ಎಂದುಕೊಂಡು ಅಪ್ಪ ಇನ್ನಷ್ಟು ಸಗಣಿ ಸುರಿದ. ಕೊನೆಗೆ ಒಂದು ಬೆಳಿಗ್ಗೆ ಕಾಂಡದ ಪಕ್ಕ ಮಣ್ಣು ತೋಡಿ ನೋಡಿದ. ಹುಳಿ ಹುಳಿ ವಾಸನೆ ಹೊಡೆಯಿತು. ತೊಗಟೆ ಒತ್ತಿದರೆ ಬೆರಳು ಒಳಗೇ ಹೋಯಿತು. ನೆಲದ ಮೇಲೆ ಗಾಳಿಗಿರಬೇಕಾದ ಬುಡವನ್ನು ನಾವು ಹೂತಿದ್ದೆವು.

ಅಪ್ಪ ಆಳು ಕರೆಯಲಿಲ್ಲ. ಕಲ್ಲುಗಳನ್ನು ಒಬ್ಬನೇ ಕಿತ್ತ, ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಇಟ್ಟಿಗೆಯವರು ಕೆರೆದ ನೆಲಕ್ಕೆ ಚೆಲ್ಲಿದ. ನಮ್ಮನ್ನು ಹತ್ತಿರ ಬಿಡಲಿಲ್ಲ. ಚೆಲ್ಲಿದ ಕಡೆ ಚಿಕ್ಕು ಗಿಡಗಳು ಕೊಬ್ಬಿ ಬೆಳೆದವು, ನೋಡಿದವರು ಹೊಗಳಿ ಹೋದರು. ನನಗೆ ಆ ಗಿಡಗಳನ್ನು ಕಂಡರೆ ಸಿಟ್ಟು ಬರುತ್ತಿತ್ತು. ಮಾವು ಮಾತ್ರ ಚಿಗುರಲಿಲ್ಲ. ಕಸಿಗೆಂದು ಹಸಿ ಕಡ್ಡಿ ಹುಡುಕಿದೆವು, ಸಿಗಲಿಲ್ಲ. ಕಾಯಿಯನ್ನಂತೂ ಮಿಡಿಯಲ್ಲೇ ಕೊಯ್ಯುತ್ತಿದ್ದುದರಿಂದ ಒಂದಾದರೂ ಹಣ್ಣಾಗಿ ನೆಲಕ್ಕೆ ಬಿದ್ದು ಸಸಿಯಾಗಿರಲಿಲ್ಲ.

ಈ ವರ್ಷ ಬರುವುದು ಬೇಡವೆಂದು ಅಜ್ಜಿಗೆ ಹೇಳಿಕಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಜ್ಜಿ ಎಂದಿನಂತೆ ಬಂದರು. ಬೋಳು ಮರವನ್ನು ನೋಡಿದರು, ಕಿತ್ತ ಕಲ್ಲಿನ ರಾಶಿಯನ್ನು ನೋಡಿದರು. ಅಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಎರಡು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನಾನೂ ಅದ್ರ ಮೇಲೆ ಕೂತು ಊಟ ಮಾಡಿದ್ನಲ್ಲಪ್ಪ," ಎಂದರು ಅಜ್ಜಿ. ಚೀಲದಿಂದ ಸಣ್ಣ ಜಾಡಿಯೊಂದನ್ನು ತೆಗೆದು ಅಮ್ಮನ ಕೈಗಿಟ್ಟರು. "ಹೋದ ವರ್ಷದ್ದು. ನಿಮಗೂ ಸ್ವಲ್ಪ ಇರಲಿ ಅಂತ ತಂದೆ." ಖಾಲಿ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾದರು. ಮತ್ತೆ ಬರಲಿಲ್ಲ.

ಅಮ್ಮ ಆ ದಿನ ಎಲೆಯ ತುದಿಗೆ ಒಂದೊಂದು ಮಿಡಿ ಬಡಿಸಿದಳು. ಅಪ್ಪ ತನ್ನದನ್ನು ತಿನ್ನದೆ ಎತ್ತಿಕೊಂಡು ಎದ್ದ. ಹಿತ್ತಲಿಗೆ ಹೋಗಿ ಅದನ್ನು ನೀರಲ್ಲಿ ಖಾರ ಹೋಗುವವರೆಗೆ ತೊಳೆದ, ಒಣಮರದ ಪಕ್ಕ ಚಿಕ್ಕ ಕುಳಿ ತೋಡಿ ನೆಟ್ಟ. ಬೀಜವೇ ಬಲಿಯದ ಮಿಡಿ, ವರ್ಷವಿಡೀ ಉಪ್ಪಿನಲ್ಲಿದ್ದದ್ದು. ಮೊಳೆಯುವುದಿಲ್ಲವೆಂದು ನನಗೇ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲವೇ? ಆ ಬೇಸಿಗೆ ಪೂರ್ತಿ ಅಪ್ಪ ಅಲ್ಲಿಗೆ ನೀರು ಹಾಕಿದ. ಕೊಡಗಟ್ಟಲೆ ಅಲ್ಲ, ಒಂದೊಂದೇ ಬೊಗಸೆ.