ಬಾಗಿಲಕ್ಕ ಮತ್ತು ‘ನಲ್ಲಿ ತೆಗೆಯಿರಿ’ ಎಂಬ ಮಾತು

ಪಾತ್ರೆ ತೊಳೆಯುವ ಮೆಷಿನ್ನು ಹೊರಡದೆ ನಿಂತರೆ ಜನ ಮೊದಲು ಅದಕ್ಕೊಂದು ಗುದ್ದು ಕೊಡುತ್ತಾರೆ. ಆಮೇಲೆ ಅದನ್ನು ಕೊನೆಗೆ ಮುಟ್ಟಿದ್ದು ಯಾರು ಎಂದು ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಅದೂ ಮುಗಿದ ಮೇಲೆ ಸರ್ವಿಸ್ ಸೆಂಟರಿಗೆ ಫೋನು ಮಾಡುತ್ತಾರೆ. ಆ ಫೋನು ಎತ್ತಿಕೊಳ್ಳುವ ಹೆಂಗಸಿಗೆ ಐವತ್ತು ದಾಟಿದೆ. ಜೊತೆಯವರು ಅವರನ್ನು ಬಾಗಿಲಕ್ಕ ಎಂದು ಕರೆಯುತ್ತಾರೆ. ಕರೆ ಮಾಡಿದವರು ಏನೇ ಹೇಳಲಿ, ಎಷ್ಟೇ ಕೂಗಾಡಲಿ, ಅವರ ಮೊದಲ ಪ್ರಶ್ನೆ ಒಂದೇ: “ಬಾಗಿಲು ಸರಿಯಾಗಿ ಹಾಕಿದೀರಾ?”

ಹತ್ತರಲ್ಲಿ ನಾಲ್ಕೈದು ಮೆಷಿನ್ನುಗಳು ಇದೊಂದೇ ಪ್ರಶ್ನೆಗೆ ರಿಪೇರಿಯಾಗುತ್ತವೆ. ಬಾಗಿಲು ‘ಕಟಕ್’ ಎನ್ನುವ ತನಕ ಮೆಷಿನ್ನು ಹೊರಡುವುದಿಲ್ಲ. ಒಳಗೆ ಯಾವುದೋ ಸೌಟಿನ ಹಿಡಿ ಹೊರಕ್ಕೆ ಚಾಚಿಕೊಂಡಿರುತ್ತದೆ. ಇಲ್ಲವೇ ದೊಡ್ಡ ತಟ್ಟೆಯೊಂದು ಅಡ್ಡ ಕೂತಿರುತ್ತದೆ. ಒಮ್ಮೆ ಒಬ್ಬ ವಕೀಲರು ಮೆಷಿನ್ನನ್ನೂ ಮಾರಿದವರನ್ನೂ ಕೋರ್ಟಿಗೆ ಎಳೆಯುತ್ತೇನೆಂದು ಗುಡುಗಿದ್ದರು. ಬಾಗಿಲಕ್ಕ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಸೌಟು ಮಲಗಿಸಿ ಸರ್” ಎಂದರು. ವಕೀಲರು ಸೌಟು ಮಲಗಿಸಿದರು. ಕೇಸು ಅಲ್ಲಿಗೇ ಖುಲಾಸೆ.

ಸರ್ವಿಸ್ ಸೆಂಟರ್ ಇರುವುದು ಮೆಷಿನ್ನು ಮಾರುವ ಅಂಗಡಿಯ ಮಹಡಿಯ ಮೇಲೆ. ಎರಡು ಮೇಜು, ಎರಡು ಫೋನು, ಬೇಕರಿಯ ಹಿಂಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಬಾಗಿಲಕ್ಕನ ಕುರ್ಚಿಯ ಪಕ್ಕದಲ್ಲಿ ತಂತಿ ಕಿತ್ತ ಹಳೆಯ ಡಿಶ್‌ವಾಷರ್ ಒಂದಿದೆ. ಆ ಕಡೆಯವರು “ಇಲ್ಲೊಂದು ಗುಂಡಿ, ಅದರ ಕೆಳಗೊಂದು ಗುಂಡಿ” ಎಂದು ವರ್ಣಿಸುವಾಗ ಅವರು ಈ ಮೆಷಿನ್ನಿನ ಮೇಲೆ ಕೈಯಾಡಿಸುತ್ತಾ ಕಣ್ಣು ಮುಚ್ಚಿ ಕೇಳುತ್ತಾರೆ.

ಇದಕ್ಕೂ ಮೊದಲು ಅವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಹೇಳುತ್ತಿದ್ದರು. ಆ ಕೆಲಸವನ್ನು ರೆಕಾರ್ಡ್ ಮಾಡಿದ ಧ್ವನಿಯೊಂದು ಕಿತ್ತುಕೊಂಡಿತು. ಅದರ ಬಗ್ಗೆ ಅವರಿಗೆ ಹೆಚ್ಚು ದುಃಖವಿಲ್ಲ. “ಅಲ್ಲಿ ನಾನೊಬ್ಬಳೇ ಮಾತಾಡ್ತಿದ್ದೆ. ಯಾರೂ ವಾಪಸ್ ಮಾತಾಡ್ತಿರಲಿಲ್ಲ. ಇಲ್ಲಿ ಬೈತಾರೆ. ಬೈದ್ರೂ ಸೈ, ಮಾತಾಡ್ತಾರಲ್ಲ!” ಎನ್ನುತ್ತಾರೆ.

ಹಾಗಾಗಿ ಮುಖ್ಯ ಕಚೇರಿಯಿಂದ ಹೊಸ ಮೇಲ್ವಿಚಾರಕಿ ಬಂದು, ಇನ್ನು ಮುಂದೆ ಫೋನಿನಲ್ಲಿ ಅಚ್ಚು ಹಾಕಿಸಿದ ಸ್ಕ್ರಿಪ್ಟನ್ನಷ್ಟೇ ಓದಬೇಕು, ಓದಲಾಗದವರು ಕೆಳಗೆ ಬಿಡಿಭಾಗಗಳ ಕೌಂಟರಿಗೆ ಹೋಗಬೇಕು ಎಂದಾಗ ಬಾಗಿಲಕ್ಕ ಹೆದರಿದ್ದು ಕೌಂಟರಿಗೆ. ಅಲ್ಲಿ ಮಾತಿಲ್ಲ. ಚೀಟಿ ಬರುತ್ತದೆ, ರಬ್ಬರ್ ಪಟ್ಟಿಯೋ ಜಾಲರಿಯೋ ಹೋಗುತ್ತದೆ. ಬಾಯಿ ಇದ್ದವರಿಗೆ ಅದು ಸೆರೆಮನೆ.

ಸ್ಕ್ರಿಪ್ಟಿನ ಬಹುಪಾಲು ಮಾತಿಗೆ ಬಾಗಿಲಕ್ಕನ ತಕರಾರಿರಲಿಲ್ಲ. ತಕರಾರು ಇದ್ದದ್ದು ಒಂದೇ ಸಾಲಿಗೆ: ‘ದಯವಿಟ್ಟು ಯಂತ್ರಕ್ಕೆ ನೀರು ಬರುವ ನಲ್ಲಿಯನ್ನು ಪೂರ್ತಿಯಾಗಿ ತೆಗೆಯಿರಿ.’

ಸಿಂಕಿನ ಕೆಳಗೆ ಗೋಡೆಯಲ್ಲೊಂದು ಪುಟ್ಟ ನಲ್ಲಿ ಇರುತ್ತದೆ. ಅದರಿಂದ ಮೆಷಿನ್ನಿಗೆ ಪೈಪು. ಆ ನಲ್ಲಿ ಮುಚ್ಚಿದ್ದರೆ ಮೆಷಿನ್ನು ನೀರಿಲ್ಲದೆ ಒಮ್ಮೆ ನರಳಿ ಸುಮ್ಮನಾಗುತ್ತದೆ. ಸ್ಕ್ರಿಪ್ಟು ಬರೆದವರ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಬಾಗಿಲು ತೆಗೆ ಎಂದರೆ ಬಾಗಿಲು ತೆರೆಯುತ್ತದೆ, ಅಂಗಿ ತೆಗೆ ಎಂದರೆ ಅಂಗಿ ಮೈಬಿಟ್ಟು ಹೋಗುತ್ತದೆ. ನಲ್ಲಿ ಇವೆರಡರಲ್ಲಿ ಯಾವ ಜಾತಿಗೆ ಸೇರಿದ್ದು ಎಂಬುದು, ಕೇಳಿದವರ ಕೈಯಲ್ಲಿ ಸ್ಪ್ಯಾನರ್ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಹಿಂದೊಮ್ಮೆ ನಿವೃತ್ತ ಮೇಷ್ಟ್ರೊಬ್ಬರು ನಲ್ಲಿಯನ್ನು ಪೂರ್ತಿಯಾಗಿಯೇ ತೆಗೆದು, ಅದನ್ನು ಅಂಗೈಯಲ್ಲಿಟ್ಟುಕೊಂಡು, “ತೆಗೆದೆ, ಮುಂದೇನು?” ಎಂದು ಕೇಳಿದ್ದರು. ಮುಂದೇನು ಎಂಬುದನ್ನು ಅವರ ಕೆಳಗಿನ ಮನೆಯವರು ಛಾವಣಿ ನೋಡಿ ತಿಳಿದುಕೊಂಡರು. ಅಂದಿನಿಂದ ಬಾಗಿಲಕ್ಕ ‘ತೆಗೆಯಿರಿ’ ಎನ್ನುವುದಿಲ್ಲ. ‘ನೀರು ಬಿಡಿ’ ಎನ್ನುತ್ತಾರೆ.

“ಎಲ್ಲರೂ ಒಂದೇ ಮಾತು ಹೇಳ್ಬೇಕು. ನಿಮಗೊಂದು ಪದ, ಅವರಿಗೊಂದು ಪದ ಆದ್ರೆ ಹೇಗೆ?” ಎಂದರು ಮೇಲ್ವಿಚಾರಕಿ. ವಯಸ್ಸಿನಲ್ಲಿ ಬಾಗಿಲಕ್ಕನಿಗಿಂತ ಎಷ್ಟೋ ಚಿಕ್ಕವರು, ಗಟ್ಟಿ ದನಿ ಇಲ್ಲ, ಆದರೆ ಹೇಳಿದ್ದನ್ನು ಮಾಡಿಯೇ ತೀರುವ ಪೈಕಿ. “ನಾಳೆ ನಿಮ್ಮ ಪಕ್ಕದಲ್ಲೇ ಕೂತು ಕೇಳ್ತೀನಿ. ಸ್ಕ್ರಿಪ್ಟ್ ಬಿಟ್ಟು ಆಚೆ ಹೋದ್ರೆ ನೀವು ಕೌಂಟರ್‌ಗೆ. ಬೇಜಾರು ಮಾಡ್ಕೋಬೇಡಿ.”

ಮರುದಿನ ಬೆಳಗ್ಗೆ ಮೇಲ್ವಿಚಾರಕಿ ಇನ್ನೊಂದು ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರು. ಬಾಗಿಲಕ್ಕ ಸ್ಕ್ರಿಪ್ಟಿಗೆ ಅಂಟಿಕೊಂಡೇ ಕೆಲವು ಕರೆಗಳನ್ನು ದಾಟಿಸಿದರು. ಅದೃಷ್ಟಕ್ಕೆ ಎಲ್ಲವೂ ಬಾಗಿಲಿನಲ್ಲೇ ಮುಗಿದವು. ಊಟದ ಹೊತ್ತು ಹತ್ತಿರವಾಗುತ್ತಿದ್ದಾಗ ಮತ್ತೆ ಫೋನು ಬಂತು.

“ನಮಸ್ಕಾರ, ಸರ್ವಿಸ್ ಸೆಂಟರ್. ತಮಗೆ ಏನು ಸಹಾಯ ಬೇಕಿತ್ತು?”

ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಅಷ್ಟಕ್ಕೇ ಬಾಗಿಲಕ್ಕನಿಗೆ ಗೊತ್ತಾಯಿತು. ಅವರ ಗಂಡ. ಮನೆಯ ಮುಂಗೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಟೈಲರ್. ಆ ದಿನ ಅವರ ತಂಗಿ, ಗಂಡ-ಮಕ್ಕಳ ಸಮೇತ ಊಟಕ್ಕೆ ಬರುವುದಿತ್ತು. ಅಡುಗೆಯೆಲ್ಲ ತನ್ನದೇ ಎಂದು ಟೈಲರ್ ಹಿಂದಿನ ದಿನವೇ ಎದೆ ತಟ್ಟಿಕೊಂಡಿದ್ದರು. ಕೆಲಸದ ವೇಳೆಯಲ್ಲಿ ಬಾಗಿಲಕ್ಕನ ಮೊಬೈಲು ಬೀರುವಿನಲ್ಲಿರುತ್ತದೆ. ಮನೆಯವರು ಕಚೇರಿಯ ಲೈನಿಗೆ ಕರೆ ಮಾಡುವುದಕ್ಕೆ ಕಟ್ಟುನಿಟ್ಟಾದ ನಿಷೇಧವಿದೆ. ಟೈಲರಿಗೂ ಅದು ಗೊತ್ತು. ಅದಕ್ಕೇ ಅವರು ಗ್ರಾಹಕರಾಗಿ ಬಂದಿದ್ದರು.

“ನಮಸ್ಕಾರ ಮೇಡಂ. ನಮ್ಮನೇಲಿ ಪಾತ್ರೆ ತೊಳೆಯೋ ಮೆಷಿನ್ನು ಸ್ಟಾರ್ಟೇ ಆಗ್ತಿಲ್ಲ. ಮನೇಲಿರೋ ತಟ್ಟೆಲೋಟ ಅಷ್ಟೂ ಅದರ ಹೊಟ್ಟೇಲಿದೆ. ನೆಂಟರು ಬಂದು ಕೂತಿದಾರೆ.”

“ಬಾಗಿಲು ಸರಿಯಾಗಿ ಹಾಕಿದೀರಾ ಸರ್?”

“ಹಾಕಿದೀನಿ. ನಮ್ಮನೇಲಿ ಒಬ್ರು ಅದನ್ನ ದಿನಾ ಕೇಳ್ತಾರೆ, ಮರೆಯೋ ಹಾಗೇ ಇಲ್ಲ.”

ಮೇಲ್ವಿಚಾರಕಿ ಮುಗುಳ್ನಕ್ಕರು. ಬಾಗಿಲಕ್ಕ ನಗಲಿಲ್ಲ.

“ಗೋಡೆಯ ಸ್ವಿಚ್ಚು ಹಾಕಿದೆಯಾ ಸರ್?”

“ಹಾಕಿದೆ. ದೀಪಾನೂ ಬರ್ತಿದೆ. ಬಟನ್ ಒತ್ತಿದ್ರೆ ಕುಂಯ್ ಅಂತ ಒಂದ್ಸಲ ನರಳುತ್ತೆ, ಆಮೇಲೆ ಮುನಿಸ್ಕೊಂಡು ಕೂರುತ್ತೆ. ನಲ್ಲಿ ಥರದ್ದೊಂದು ಚಿತ್ರ ಮಿಣಮಿಣ ಅಂತಿದೆ.”

ಇನ್ನೇನೂ ಕೇಳಬೇಕಾದ್ದಿರಲಿಲ್ಲ. ಟೈಲರ್ ಬೆಳಗ್ಗೆ ಸಿಂಕಿನ ಕೆಳಗೆಲ್ಲ ಒರೆಸಿ ಸ್ವಚ್ಛ ಮಾಡಿದ್ದಾರೆ, ಕೈಗೆ ಸಿಕ್ಕಿದ ನಲ್ಲಿಯನ್ನು ಮುಚ್ಚಿದ್ದಾರೆ. ಡಬ್ಬಿ, ಬಾಟಲಿ, ಕಿಟಕಿ, ಕಂಡದ್ದನ್ನೆಲ್ಲ ಮುಚ್ಚುವುದು ಅವರ ಹುಟ್ಟುಗುಣ. ‘ನೀರು ಬಿಡಿ’ ಎಂಬ ಮಾತು ಬಾಗಿಲಕ್ಕನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಲ್ವಿಚಾರಕಿಯ ಬೆರಳು ಸ್ಕ್ರಿಪ್ಟಿನ ಆ ಸಾಲಿನ ಮೇಲೆ ಬಂದು ನಿಂತಿತು. ಬಾಗಿಲಕ್ಕ ಅದನ್ನೇ ಓದಿದರು.

“ದಯವಿಟ್ಟು ಯಂತ್ರಕ್ಕೆ ನೀರು ಬರುವ ನಲ್ಲಿಯನ್ನು ಪೂರ್ತಿಯಾಗಿ ತೆಗೆಯಿರಿ.”

“ತೆಗೀಲಾ?”

“ತೆಗೆಯಿರಿ ಸರ್.”

“ಪೂರ್ತಿನಾ?”

ಬಾಗಿಲಕ್ಕ ಪಕ್ಕಕ್ಕೆ ನೋಡಿದರು. ಬೆರಳು ಅಲ್ಲೇ ಇತ್ತು. “ಪೂರ್ತಿಯಾಗಿ.”

“ಸರಿ ಬಿಡಿ. ನೀವು ಹೇಳಿದ ಮೇಲೆ ಮುಗೀತು.” ಇನ್ಯಾರೋ ಹೇಳಿದ್ದರೆ ಟೈಲರ್ ಎರಡು ಸಲ ಯೋಚಿಸುತ್ತಿದ್ದರು. ಆದರೆ ಹೇಳಿದ್ದು ಹೆಂಡತಿ. ಅದೂ ಕಚೇರಿಯ ಕುರ್ಚಿಯಲ್ಲಿ ಕೂತು. ಫೋನಿನೊಳಗೆ ಡ್ರಾಯರ್ ಒಂದು ಕಿರುಗುಟ್ಟಿತು. ಸ್ವಂತ ಅಡುಗೆಮನೆಯ ಡ್ರಾಯರಿನ ಸದ್ದು ಯಾರಿಗೆ ತಿಳಿಯುವುದಿಲ್ಲ? ಅದರಲ್ಲಿ ಇರುವುದು ಸ್ಪ್ಯಾನರ್.

“ರೀ! ಬಿಡ್ರೀ ಅದನ್ನ!”

ನಮ್ಮ ಮಾತಿನಲ್ಲಿ ‘ರೀ’ ಎಂಬುದನ್ನು ದಾರಿಹೋಕರಿಗೂ ಹೇಳಬಹುದು. ಆದರೆ ಈ ‘ರೀ’ಗೆ ಮದುವೆಯಾದಷ್ಟೇ ವಯಸ್ಸಾಗಿತ್ತು. ಮೇಲ್ವಿಚಾರಕಿ ತಲೆಯೆತ್ತಿ ನೋಡಿದರು.

“ಏನ್ ಬಿಡ್ಲಿ?” ಎಂದರು ಟೈಲರ್, ಗಾಬರಿಯಿಂದ. “ನೀರು ಬಿಡ್ಲಾ, ಸ್ಪ್ಯಾನರ್ ಬಿಡ್ಲಾ?”

“ಬಿಡಿ ಅಂದ್ರೆ ಬಿಡಿ!”

ಠಣ್ ಎಂದು ಸದ್ದಾಯಿತು. ಹಿಂದೆಯೇ, “ಅಯ್ಯಯ್ಯೋ, ಕಾಲು!”

ಫೋನಿನಲ್ಲಿ ಇನ್ನೊಂದು ದನಿ ಕೇಳಿಸಿತು. ಬಾಗಿಲಕ್ಕನ ನಾದಿನಿ. “ಅಣ್ಣಾ, ಕೊಡು ಇಲ್ಲಿ, ಕೈಯಲ್ಲೇ ತೊಳೆದುಹಾಕ್ತೀನಿ. ಈ ಮೆಷಿನ್ನು ಪಾತ್ರೆ ತೊಳೆಯೋಕಿಂತ ಮುಂಚೆ ನಿನ್ನ ಕಾಲು ಮುರಿಯುತ್ತೆ.”

“ಸುಮ್ನಿರೇ. ಮೇಡಂ ಲೈನಲ್ಲಿದಾರೆ.”

ಬಾಗಿಲಕ್ಕ ಕಣ್ಣು ಮುಚ್ಚಿಕೊಂಡರು. ಸ್ಕ್ರಿಪ್ಟಿನ ಪದ ಕೈಕೊಟ್ಟಿತ್ತು. ಇಷ್ಟು ದಿನ ತಲೆ ಮೇಲೆ ಹೊತ್ತು ಮೆರೆಸಿದ್ದ ಅವರ ಪದವೂ ಕಾಲ ಮೇಲೆ ಬಿದ್ದಿತ್ತು. ಅವರು ಪಕ್ಕದ ಹಳೆಯ ಮೆಷಿನ್ನಿನ ಪೈಪು ಹಿಡಿದು, ನಿಧಾನವಾಗಿ ಶುರು ಮಾಡಿದರು.

“ಸರ್, ಸ್ಪ್ಯಾನರ್ ಮುಟ್ಟಬೇಡಿ. ನಲ್ಲಿಗೊಂದು ಪುಟ್ಟ ಹಿಡಿ ಇದೆ ನೋಡಿ. ಅದನ್ನ ತಿರುಗಿಸಿ.”

“ಯಾವ ಕಡೆಗೆ?”

“ಈಗದು ಪೈಪಿಗೆ ಅಡ್ಡ ಇದೆ. ಪೈಪಿನ ಉದ್ದಕ್ಕೆ ಬರಬೇಕು.”

“ಅಡ್ಡ ಅಂದ್ರೆ ಯಾವುದಕ್ಕೆ ಅಡ್ಡ? ಬಗ್ಗಿ ನೋಡಿದ್ರೆ ಎಲ್ಲಾ ಅಡ್ಡಾನೇ ಕಾಣ್ತಿದೆ.”

“ಬಟ್ಟೇಲಿ ಉದ್ದದ ನೂಲು ಹಿಡಿದು ಕತ್ತರಿಸ್ತೀರಲ್ಲ, ಹಾಗೆ. ಅಡ್ಡ ನೂಲಲ್ಲ, ಉದ್ದದ ನೂಲು.”

“ಓ, ಹಾಗೆ ಹೇಳಿ ಮತ್ತೆ!” ಎಂದರು ಟೈಲರ್. ಎಲ್ಲ ನಿಚ್ಚಳವಾಗಿತ್ತು.

ಮೇಲ್ವಿಚಾರಕಿ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. “ಅವರು ಟೈಲರ್ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಮಾತಲ್ಲೇ ಒಂದು ಅಳತೆ ಇದೆ ಮೇಡಂ,” ಎಂದರು ಬಾಗಿಲಕ್ಕ, ಮುಖ ತಿರುಗಿಸದೆ.

ಅಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದರು. ಆದರೆ ನಾದಿನಿಯ ದನಿ ಮತ್ತೆ ಬಂತು. “ಅಲ್ಲಣ್ಣ, ಯಾರ್ಯಾರಿಗೋ ಫೋನ್ ಮಾಡಿ ಒದ್ದಾಡೋ ಬದಲು ಅತ್ತಿಗೆಗೇ ಒಂದು ಮಾತು ಕೇಳಬಾರದಾ?”

“ಕೇಳ್ತಾನೇ ಇದೀನಲ್ಲೇ! ಇಷ್ಟು ಹೊತ್ತು ಯಾರ ಹತ್ರ ಮಾತಾಡ್ತಿದೀನಿ ಅಂದ್ಕೊಂಡೆ?”

ಮೆಷಿನ್ನು ಆ ಗಳಿಗೆಯಲ್ಲೇ ಹೊರಟಿತು. ನೀರು ಒಳಗೆ ನುಗ್ಗುವ ಸದ್ದು, ಅದರ ಹಿಂದೆ ಹಿತವಾದ ಗುಂಯ್ ಎಂಬ ಸದ್ದು, ಮಕ್ಕಳ ಚಪ್ಪಾಳೆ. “ಹೊರಟಿತು! ಧನ್ಯವಾದ ಮೇಡಂ,” ಎಂದರು ಟೈಲರ್ ಉಬ್ಬಿಹೋಗಿ. “ಊಟಕ್ಕೆ ಬರ್ತೀಯ ತಾನೇ?”

“ಇಡ್ರೀ ಫೋನು,” ಎಂದರು ಬಾಗಿಲಕ್ಕ.

ಬಾಗಿಲಕ್ಕ ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟರು, ಎದ್ದು ನಿಂತು ಸೆರಗು ಸರಿಮಾಡಿಕೊಂಡರು. “ಕೌಂಟರ್‌ಗೆ ಊಟ ಮುಗಿಸ್ಕೊಂಡು ಹೋಗ್ಲಾ, ಈಗಲೇ ಹೋಗ್ಲಾ ಮೇಡಂ?”

ಮೇಲ್ವಿಚಾರಕಿ ಪೆನ್ನು ತೆಗೆದು ಸ್ಕ್ರಿಪ್ಟಿನ ಆ ಸಾಲಿಗೆ ಗೆರೆ ಎಳೆದರು. “ತೆಗೆಯಿರಿ ಅನ್ನೋದು ಹೋಯ್ತು. ನಿಮ್ಮ ಬಿಡಿ ಅನ್ನೋದೂ ಹೋಯ್ತು.”

“ಹೋಗ್ಲಿ ಬಿಡಿ,” ಎಂದವರೇ ಬಾಗಿಲಕ್ಕ ನಾಲಗೆ ಕಚ್ಚಿಕೊಂಡರು.

“ತಿರುಗಿಸಿ ಅಂತ ಹಾಕೋಣ. ಅದರಲ್ಲಿ ಎರಡರ್ಥ ಇಲ್ಲ. ಆದ್ರೆ ನಿಮ್ಮ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಸ್ಕ್ರಿಪ್ಟ್ ಬಿಟ್ಟು ಹೋದ್ರಿ, ಮನೆಯವರ ಫೋನ್ ತಗೊಂಡ್ರಿ, ನನಗೆ ಸುಳ್ಳೂ ಹೇಳಿದ್ರಿ.” ಅಷ್ಟರಲ್ಲಿ ಫೋನು ಬಂತು. “ಇದನ್ನ ನಾನು ತಗೋತೀನಿ,” ಎಂದು ಮೇಲ್ವಿಚಾರಕಿ ಬಾಗಿಲಕ್ಕನ ಕುರ್ಚಿಯಲ್ಲಿ ಕೂತರು. ಬಾಗಿಲಕ್ಕ ಇನ್ನೊಂದು ಹೆಡ್‌ಫೋನ್ ಕಿವಿಗಿಟ್ಟುಕೊಂಡು ಪಕ್ಕದಲ್ಲೇ ನಿಂತರು.

ಆ ಕಡೆ ಒಬ್ಬ ಅಜ್ಜಿ. ಅವರದೂ ಅದೇ ರಾಗ: ದೀಪ ಬರುತ್ತದೆ, ನರಳುತ್ತದೆ, ನಿಲ್ಲುತ್ತದೆ. ಮೇಲ್ವಿಚಾರಕಿ ಬಾಗಿಲು ಕೇಳಿದರು, ಸ್ವಿಚ್ಚು ಕೇಳಿದರು, ಆಮೇಲೆ ಹೊಸ ಪದವನ್ನು ಸ್ಪಷ್ಟವಾಗಿ ಉಚ್ಚರಿಸಿದರು. “ಅಜ್ಜಿ, ಮೆಷಿನ್ನಿಗೆ ನೀರು ಬರೋ ಕಡೆ ತಿರುಗಿಸಿ.”

“ತಿರುಗಿಸ್ಬೇಕಾ? ತಡಿಯಮ್ಮಾ, ಸೊಸೇನ ಕರೀತೀನಿ.”

ಬಹಳ ಹೊತ್ತು ಏದುಸಿರು ಕೇಳಿಸಿತು. ಏನೋ ನೆಲ ಕೆರೆದ ಸದ್ದು, “ನೀವು ಆ ಕಡೆ ಹಿಡೀರಿ ಅತ್ತೆ,” “ಹುಷಾರು ಕಣೇ,” ಎಂಬ ಮಾತು. ಕೊನೆಗೆ ಅಜ್ಜಿ ಮರಳಿ ಬಂದರು.

“ತಿರುಗಿಸಿದ್ವಿ ಕಣಮ್ಮಾ. ಏನ್ ಭಾರ ಅಂತೀಯ! ಈಗದರ ಮುಖ ಗೋಡೆ ಕಡೆಗಿದೆ. ಬಟನ್ ಹೇಗಮ್ಮ ಒತ್ತೋದು?”

ಮೇಲ್ವಿಚಾರಕಿ ಬಾಯಿಗೆ ಕೈ ಅಡ್ಡ ಹಿಡಿದರು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಮಾತಾಡಲು ನೋಡಿದರು, ಆಗಲಿಲ್ಲ. ಕುರ್ಚಿಯಿಂದೆದ್ದು ಅದನ್ನು ಬಾಗಿಲಕ್ಕನ ಕಡೆಗೆ ತಳ್ಳಿದರು. ಬಾಗಿಲಕ್ಕ ಕೂತು ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡರು.

“ಅಜ್ಜಿ, ಅತ್ತೆ-ಸೊಸೆ ಇಬ್ಬರೂ ಮೊದ್ಲು ಒಂದೊಂದು ಲೋಟ ನೀರು ಕುಡೀರಿ. ನನಗೇನೂ ಅವಸರ ಇಲ್ಲ.”

ಮೇಲ್ವಿಚಾರಕಿ ಇನ್ನೊಂದು ಮೇಜಿನ ಫೋನಿನಿಂದ ಕೆಳಗಿನ ಕೌಂಟರಿಗೆ ಕರೆ ಮಾಡಿ, ಅಲ್ಲಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಮೇಲಿನವರು ಮೇಲೆಯೇ ಇರುತ್ತಾರೆ ಎಂದರು. ಮತ್ತೆ ಬಂದು, ಹೆಡ್‌ಫೋನಿನ ಒಂದು ಕಿವಿಯನ್ನು ತಮ್ಮ ಕಿವಿಗೆ ಒತ್ತಿಕೊಂಡರು. ಅವರಿಗೂ ಮುಂದೇನಾಯಿತೆಂದು ಕೇಳಬೇಕಿತ್ತು.

“ಅಜ್ಜಿ, ತಿರುಗಿಸುವಾಗ ಹಿಂದಿನ ಪೈಪು ಎಳೀಲಿಲ್ಲ ತಾನೇ?” ಎಂದು ಕೇಳುತ್ತಿದ್ದರು ಬಾಗಿಲಕ್ಕ.

“ಅಯ್ಯೋ, ನಾವ್ಯಾಕಮ್ಮ ಎಳೀತೀವಿ,” ಎಂದರು ಅಜ್ಜಿ. “ಅದಾಗಿ ಅದೇ ಕೈಗೆ ಬಂತು.”