ಅತ್ತೆ ಒತ್ತಿದ ಸ್ವಿಚ್ಚು

ನಮ್ಮ ಮನೆಯಲ್ಲಿ ಲೈಟು ಆರಿಸುವ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಯಾರೂ ಇಲ್ಲ. ಈ ಗುಣ ತವರಿನಿಂದ ಬಂದದ್ದಲ್ಲ, ಅತ್ತೆಯಿಂದ ಕಲಿತದ್ದು. ಕಲಿತದ್ದು ಅನ್ನುವುದಕ್ಕಿಂತ, ಬೈಸಿಕೊಂಡು ಬೈಸಿಕೊಂಡು ಮೈಗೆ ಹತ್ತಿದ್ದು ಅನ್ನಬೇಕು.

ಮದುವೆಯಾಗಿ ಬೀದರ್ ಜಿಲ್ಲೆಯಿಂದ ನಾಸಿಕ್‌ಗೆ ಬಂದಾಗ ನಮ್ಮದು ಎರಡು ಖೋಲಿಯ ಬಾಡಿಗೆ ಮನೆ. ಮಾವ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಗಂಡ ಕಾರ್ಖಾನೆಗೆ ಹೋದರೆ ಮನೆಯಲ್ಲಿ ನಾನು, ಅತ್ತೆ, ಇಬ್ಬರೇ. ಒಂದು ತಾಟು ತರಲೆಂದು ಅಡುಗೆ ಖೋಲಿಯಿಂದ ಹೊರಗಿನ ಖೋಲಿಗೆ ಕಾಲಿಡುವುದೇ ತಡ, ಬೆನ್ನ ಹಿಂದೆ ಟಪ್ ಎಂದು ಸದ್ದು. ಮರಳಿ ಹೋದರೆ ಒಲೆಯ ಹತ್ತಿರ ಕತ್ತಲು. “ಖಾಲಿ ಖೋಲಿಗಿ ಕಣ್ಣ ಅದಾವೇನ?” ಎಂದು ಅತ್ತೆ ಕೇಳುವರು. ನೆರೆಮನೆಯ ಹೆಂಗಸರು ಕೂತಿದ್ದರೂ ಕೇಳುವರು, ಮೇಲಾಗಿ ಅವರಿಗೆ ಅದನ್ನೇ ಮರಾಠಿಯಲ್ಲಿ ಹೇಳಿ ನಗಿಸುವರು. ಒಂದು ಸಲ ನಾನು ಬಚ್ಚಲಲ್ಲಿದ್ದೇನೆಂಬುದನ್ನು ಮರೆತು ಹೊರಗಿನಿಂದ ಸ್ವಿಚ್ಚು ಆರಿಸಿಬಿಟ್ಟರು. ಮುಖದ ತುಂಬ ಸೋಪು, ಕೈಗೆ ತಂಬಿಗೆ ಸಿಗುತ್ತಿಲ್ಲ. ಆ ಕತ್ತಲಲ್ಲಿ ನಿಂತು ಅತ್ತುಬಿಟ್ಟೆ. ಅದನ್ನು ನಾನು ಮರೆಯಲಿಲ್ಲ. ಮರೆಯುವ ಸ್ವಭಾವವೇ ನನ್ನದಲ್ಲ.

ಅವರ ಕಾಯ್ದೆಗೆ ಒಂದೇ ಒಂದು ವಿನಾಯಿತಿ ಇತ್ತು, ಮುಸ್ಸಂಜೆ. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ತಾವೇ ಹೋಗಿ ಹೊರಖೋಲಿಯ ಸ್ವಿಚ್ಚು ಒತ್ತುವರು. ಊರಿನಲ್ಲಿ ಎಣ್ಣೆದೀಪಕ್ಕೆ ಮಾಡುತ್ತಿದ್ದಂತೆ ಟ್ಯೂಬ್‌ಲೈಟಿಗೂ ಕೈಮುಗಿಯುವರು. ಮನೆಯಲ್ಲಿದ್ದವರೆಲ್ಲ ಮುಗಿಯಬೇಕು. ಸ್ವಲ್ಪ ಹೊತ್ತಿಗೆ, ಅಲ್ಲಿ ಯಾರೂ ಕೂತಿಲ್ಲವೆಂದರೆ, ಅದನ್ನೂ ಆರಿಸಿ ಒಳಗೆ ಬರುವರು.

ಗಂಡನಿಗೆ ವಾಳೂಜಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಅದರ ಪಕ್ಕದ ಸಂಭಾಜಿನಗರಕ್ಕೆ ಬಂದೆವು. ಅತ್ತೆ ನಾಸಿಕ್‌ನಲ್ಲೇ ಮಗಳ ಮನೆಯಲ್ಲಿ ಕೆಲವು ವರ್ಷ ಇದ್ದು, ಹೋದ ವರ್ಷದ ದೀಪಾವಳಿಗೆ ನಮ್ಮಲ್ಲಿಗೆ ಬಂದವರು ಇಲ್ಲೇ ಉಳಿದರು. ಬಂದ ವಾರದಲ್ಲೇ ನನಗೆ ಆಶ್ಚರ್ಯ. ಅವರು ಹೋದಲ್ಲೆಲ್ಲ ಲೈಟು. ಹಾಡಹಗಲು ಅಕ್ಕಿ ಆರಿಸುವಾಗ ಲೈಟು, ಬೆಳಗಿನ ಲಿಂಗಪೂಜೆಗೂ ತಲೆಯ ಮೇಲೆ ಲೈಟು. ಬಲ್ಬು ಸಣ್ಣದಾಯಿತು, ದೊಡ್ಡದು ಹಾಕಿಸು ಎಂದೂ ಎರಡು ಸಲ ಹೇಳಿದರು.

ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಈಗ ಮನೆ ನನ್ನದು, ಸ್ವಿಚ್ಚೂ ನನ್ನದು. ಅವರ ಬೆನ್ನ ಹಿಂದೆಯೇ ಹೋಗಿ ಟಪ್ ಎಂದು ಆರಿಸತೊಡಗಿದೆ. ಒಮ್ಮೆ ಅವರು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗಲೇ ಆರಿಸಿ, “ಹೊರಗ ಇಷ್ಟು ಬೆಳಕ ಅದ. ನೀವs ಕಲಿಸಿದ್ದಲ್ರಿ ಅತ್ತಿ?” ಅಂದೆ. ಅವರು ಮರುದಿನದಿಂದ ಪೂಜೆಯನ್ನು ಬಾಲ್ಕನಿಗೆ ಒಯ್ದರು. ಎಳೆಬಿಸಿಲಿಗೆ ಅಂಗೈಯನ್ನು ಮುಖದ ತೀರ ಹತ್ತಿರ ಹಿಡಿದು ಕೂರುವುದನ್ನು ನೋಡಿ, ವಯಸ್ಸಾದಂತೆ ಭಕ್ತಿ ಹೆಚ್ಚಾಯಿತು ಅಂದುಕೊಂಡೆ.

ಬರಬರುತ್ತಾ ಅವರು ಲೈಟು ಹಾಕುವುದನ್ನೇ ಬಿಟ್ಟರು. ಸಂಜೆಯ ಕೈಮುಗಿಯುವ ಹೊತ್ತೊಂದು ಬಿಟ್ಟರೆ ಕತ್ತಲಲ್ಲೇ ಕೂರುವರು, ಕತ್ತಲಲ್ಲೇ ಗೋಡೆ ಹಿಡಿದು ಓಡಾಡುವರು. ಹಾದಿಗೆ ಬಂದರು ಎಂದು ಗಂಡನೆದುರು ಜಂಬ ಕೊಚ್ಚಿಕೊಂಡೆ. ಗಂಡ ಕೂಡ ನಕ್ಕರು.

ಹೊಸ ವರ್ಷ ಕಳೆದು ಚಳಿ ಇನ್ನೂ ಜೋರಾಗಿದ್ದ ದಿನಗಳು. ಒಂದು ದಿನ ಮಧ್ಯಾಹ್ನವೇ ಕರೆಂಟು ಹೋಗಿತ್ತು. ಫ್ಯಾನು ಓಡುವ ಕಾಲವಲ್ಲವಾದ್ದರಿಂದ, ಮಲಗಿದ್ದ ಅತ್ತೆಗೆ ಅದು ತಿಳಿಯುವ ಹಾಗಿರಲಿಲ್ಲ. ಮುಸ್ಸಂಜೆಗೆ ಎದ್ದು ಕೈಕಾಲು ತೊಳೆದು ಹೊರಖೋಲಿಗೆ ಬಂದರು. ನಾನು ಅಲ್ಲೇ, ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೆ. ನನಗೂ ಅವರಿಗೂ ಮೂರು ಹೆಜ್ಜೆ ದೂರ. ಗೋಡೆ ತಡವಿ ಸ್ವಿಚ್ಚು ಹುಡುಕಿ ಒತ್ತಿದರು. ಲೈಟು ಬರಲಿಲ್ಲ. ಕರೆಂಟಿಲ್ಲ ಎಂದು ಹೇಳಲು ಬಾಯಿ ತೆರೆದೆ.

ಅವರು ತಲೆ ಮೇಲೆತ್ತಿ, ಆರಿದ ಬಲ್ಬಿಗೆ ಕೈಮುಗಿದರು. ಯಾವತ್ತಿನಂತೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಕೈಗಳನ್ನು ಎದೆಗೆ ಮುಟ್ಟಿಸಿಕೊಂಡರು. ಕಣ್ಣು ತೆರೆದು ಖೋಲಿಯ ಸುತ್ತ ಒಮ್ಮೆ ನೋಡಿದರು, ನಾನು ಕೂತ ಕಡೆಯೂ ನೋಡಿದರು. ಯಾರೂ ಇಲ್ಲವೆಂದುಕೊಂಡಿರಬೇಕು. ಹೆಬ್ಬೆರಳಿನಿಂದ ಸ್ವಿಚ್ಚನ್ನು ಸವರಿ, ಅದು ಯಾವ ಕಡೆಗಿದೆ ಎಂದು ಖಾತ್ರಿ ಮಾಡಿಕೊಂಡು ಆರಿಸಿ, ಒಳಗೆ ಹೋದರು.

ಎದ್ದು ಅವರ ಹಿಂದೆ ಹೋಗುವ ಧೈರ್ಯ ನನಗೆ ಆಗಲಿಲ್ಲ.

ಮರುದಿನವೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷಿಸಿ ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆಯಾಗಿದ್ದರೆ ಆಪರೇಷನ್ ಮಾಡಿ ದೃಷ್ಟಿ ತರಬಹುದಿತ್ತು, ಇದು ನೋವಿಲ್ಲದೆ ನರವನ್ನೇ ತಿನ್ನುತ್ತದೆ, ಹೋದದ್ದು ಹೋಯಿತು, ಉಳಿದ ಚೂರನ್ನು ಔಷಧಿ ಬಿಟ್ಟು ಕಾಯಬೇಕು ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಬೆಳಕು ಸಾಲುತ್ತಿಲ್ಲ ಎಂದು ಇವರು ಯಾವತ್ತಾದರೂ ಅಂದಿದ್ದರಾ ಎಂದು ಕೇಳಿದರು. ಗಂಡ ನನ್ನ ಮುಖ ನೋಡಿದರು. ದೀಪಾವಳಿಯಿಂದ ಅನ್ನುತ್ತಿದ್ದರು ಎಂದೆ.

ರಿಕ್ಷಾದಲ್ಲಿ ಅತ್ತೆಯ ಪಕ್ಕ ಕೂತು, ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ತಪ್ಪನ್ನು ಅವರ ಮೇಲೆ ಹೊರಿಸುವ ಬುದ್ಧಿ ಆಗಲೂ ನನ್ನನ್ನು ಬಿಟ್ಟಿರಲಿಲ್ಲ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು.

“ನೀ ಬೈತಿ ಅಂತ ಅಲ್ಲವ್ವ. ಹಚ್ಚಿದ್ರೂ ಅಷ್ಟs, ಆರಿಸಿದ್ರೂ ಅಷ್ಟs ಆಗಿತ್ತು. ಸುಮ್ಮ ಯಾಕ ಉರಸೋದು?”

ಈಗ ಮನೆಯಲ್ಲಿ ದೊಡ್ಡ ಬಲ್ಬುಗಳಿವೆ. ಅವರ ಖೋಲಿಯದನ್ನು ಹಗಲೂ ಆರಿಸುವುದಿಲ್ಲ. ನಾನು ಹಚ್ಚಿಟ್ಟು ಬಂದರೆ ಅವರು ಹೊರಗೆ ಬರುವಾಗ ತಡವಿ ಆರಿಸಿಯೇ ಬರುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಉಳಿದಿದ್ದ ಚೂರೂ ಔಷಧಿಗೆ ನಿಲ್ಲದೆ ಹೋಗುತ್ತಿದೆ.

ಸಂಜೆ ಮಾತ್ರ ಈಗಲೂ ಸ್ವಿಚ್ಚು ಒತ್ತುವವರು ಅವರೇ. ಒತ್ತಿ, ಕೈ ಜೋಡಿಸಿಕೊಂಡು ಕಾಯುತ್ತಾರೆ. “ಬಂತೇನವ್ವ?” ಎಂದು ಕೇಳುತ್ತಾರೆ. ನಾನು ಹೂಂ ಅಂದ ಮೇಲೆಯೇ ತಲೆ ಬಾಗುತ್ತದೆ. ನಿನ್ನೆ ಸಂಜೆ ಮತ್ತೆ ಕರೆಂಟು ಇರಲಿಲ್ಲ. ಅವರು ಒತ್ತಿದರು, ಕೇಳಿದರು. ನಾನು ಅವರ ಪಕ್ಕ ಹೋಗಿ ನಿಂತೆ.

“ಬಂತ್ರಿ ಅತ್ತಿ,” ಎಂದು ಹೇಳಿ, ಕತ್ತಲಿಗೆ ನಾನೂ ಕೈಮುಗಿದೆ.